ಗವಂಡಿಗೆ ಗಣಕದ ವಿದ್ಯೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ನಮ್ಮ ಹಿರಿಯರು ಅನುಭವದಿಂದಲೇ ಆಡಿದ್ದಾರೆ. ಒಂದು ಮನೆ ಕಟ್ಟುವದೇ ಇಷ್ಟು ಕಷ್ಟವಾದರೆ, ಊರಿಗೆ ಊರನ್ನೇ ಎತ್ತಿ ಬೇರೆಡೆಯಲ್ಲಿ ಕಟ್ಟುವದು ಎಂಥ ಕೆಲಸವೆಂಬುದನ್ನು ಕೃಷ್ಣಾತೀರದ ಜನರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆಲಮಟ್ಟಿ ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ನ್ಯಾಯಾಧಿಕರಣವು 2010ರಲ್ಲಿ ಸಮ್ಮತಿಯಿತ್ತಿತು. 2025ರ ಸೆಪ್ಟೆಂಬರದಲ್ಲಿ ರಾಜ್ಯದ ಸಚಿವ ಸಂಪುಟವು ಮುಳುಗಡೆಯಾಗುವ ನೀರಾವರಿ ಭೂಮಿಗೆ ಎಕರೆಗೆ 40 ಲಕ್ಷ ರೂಪಾಯಿ, ಒಣಭೂಮಿಗೆ 30 ಲಕ್ಷ ರೂಪಾಯಿ ಪರಿಹಾರವನ್ನು ನಿಶ್ಚಯಿಸಿತು. ಭೂಮಿಯ ಬೆಲೆಯ ಮಾತು ಹೀಗೆ ಒಂದು ನೆಲೆಗೆ ಬಂದಿದೆ. ಆದರೆ ಸುಮಾರು 20 ಹಳ್ಳಿಗಳ ಜನರು ನಾಳೆ ಎಂಥ ಮನೆಗಳಲ್ಲಿ ವಾಸಿಸಬೇಕು, ಆ ಮನೆಗಳನ್ನು ಯಾರು ಯೋಚಿಸಿ ಯಾರು ಕಟ್ಟಬೇಕು ಎಂಬ ಮಾತನ್ನು ಯಾರೂ ಗಟ್ಟಿಯಾಗಿ ಎತ್ತಿಲ್ಲ. ಇಂದು ನಾವು ಆ ಮಾತನ್ನು ಎತ್ತಬಯಸುತ್ತೇವೆ.

ಇದಕ್ಕೆ ಸಂಬಂಧಿಸಿದ ಒಂದು ಹೊಸ ವಿದ್ಯೆಯು ದೊಡ್ಡ ಪಟ್ಟಣಗಳಲ್ಲಿ ಕೆಲವು ವರ್ಷಗಳಿಂದ ಬೆಳೆದು ಬರುತ್ತಿದೆ. ಬೆಂಗಳೂರು, ಮುಂಬಯಿ, ಅಹಮದಾಬಾದ, ದಿಲ್ಲಿಗಳಲ್ಲಿ ವಾಸ್ತುಶಿಲ್ಪದ ವಿದ್ಯಾರ್ಥಿಗಳಿಗಾಗಿ ಒಂದು ವಾರ ಹತ್ತು ದಿನಗಳ ಕಾರ್ಯಾಗಾರಗಳು ನಡೆಯುತ್ತವೆ. ಅಲ್ಲಿ ವಿದ್ಯಾರ್ಥಿಯು ಕಟ್ಟಡದ ಚಿತ್ರವನ್ನು ಗೆರೆಗೆರೆಯಾಗಿ ಬರೆಯುವದಿಲ್ಲ. ಅದರ ನಿಯಮವನ್ನು ಗಣಕಯಂತ್ರಕ್ಕೆ ಹೇಳುತ್ತಾನೆ. ಗೋಡೆಯ ಉದ್ದ ಇಷ್ಟಾದರೆ ಕಿಟಕಿ ಎಷ್ಟಿರಬೇಕು, ಬಿಸಿಲು ಈ ಕೋನದಿಂದ ಬಿದ್ದರೆ ಸಜ್ಜೆ ಎಷ್ಟು ಮುಂದೆ ಚಾಚಬೇಕು ಎಂಬುದನ್ನು ಒಮ್ಮೆ ನಿಯಮವಾಗಿ ಬರೆದರೆ, ಅಳತೆ ಬದಲಾದಂತೆ ಇಡೀ ನಕ್ಷೆಯು ತಾನಾಗಿ ಬದಲಾಗುತ್ತದೆ. ಬಳಿಕ ಆ ನಕ್ಷೆಯಿಂದಲೇ ಯಂತ್ರಕ್ಕೆ ಅಪ್ಪಣೆ ಹೋಗುತ್ತದೆ. ಯಂತ್ರವು ಹಲಗೆಯನ್ನು ಕೊರೆಯುತ್ತದೆ, ತಗಡನ್ನು ಕತ್ತರಿಸುತ್ತದೆ, ಇಲ್ಲವೆ ಪದರಿನ ಮೇಲೆ ಪದರು ಸುರಿದು ವಸ್ತುವನ್ನು ಎಬ್ಬಿಸುತ್ತದೆ. ಕೊನೆಯ ದಿನ ವಿದ್ಯಾರ್ಥಿಗಳೆಲ್ಲ ಕೂಡಿ ಆ ತುಂಡುಗಳನ್ನು ಕೈಯಿಂದ ಜೋಡಿಸಿ ಒಂದು ಮಂಟಪವನ್ನು ನಿಲ್ಲಿಸುತ್ತಾರೆ.

ಇದು ಕೇವಲ ಆಟವೆಂದು ತಳ್ಳಿಹಾಕುವಂತಿಲ್ಲ. ಬೆಂಗಳೂರಿನ ಕೇಂಬ್ರಿಜ್ ಲೇಔಟಿನಲ್ಲಿ 1,021 ಚದರ ಅಡಿಯ ಅಂಚೆ ಕಚೇರಿಯೊಂದನ್ನು ಯಂತ್ರವು ಕಾಂಕ್ರೀಟನ್ನು ಪದರು ಪದರಾಗಿ ಸುರಿಯುವ ಕ್ರಮದಿಂದ ಕಟ್ಟಲಾಯಿತು. ಮದ್ರಾಸಿನ ಐ.ಐ.ಟಿ.ಯ ಮಾರ್ಗದರ್ಶನದಲ್ಲಿ ಲಾರ್ಸನ್ ಆಂಡ್ ಟೂಬ್ರೊ ಸಂಸ್ಥೆಯು ಆ ಕೆಲಸವನ್ನು 43 ದಿನಗಳಲ್ಲಿ ಮುಗಿಸಿತು. 2023ರ ಆಗಸ್ಟ್ 18ರಂದು ಅದರ ಉದ್ಘಾಟನೆಯಾಯಿತು. 2016ರಲ್ಲಿ ವೆನಿಸ್ ನಗರದ ವಾಸ್ತುಶಿಲ್ಪ ಪ್ರದರ್ಶನದಲ್ಲಿ ಜ್ಯೂರಿಕ್ಕಿನ ಸಂಶೋಧಕರು ಸುಣ್ಣಕಲ್ಲಿನ 399 ತುಂಡುಗಳನ್ನು ಗಣಕದ ಲೆಕ್ಕದಂತೆ ಕೊರೆಯಿಸಿ, ಗಾರೆಯಿಲ್ಲದೆ, ಕಬ್ಬಿಣದ ಸರಳಿಲ್ಲದೆ ಒಂದು ಕಮಾನು ಚಾವಣಿಯನ್ನು ನಿಲ್ಲಿಸಿ ತೋರಿಸಿದರು. ಕಲ್ಲು ಕಲ್ಲಿಗೆ ಒರಗಿ ನಿಲ್ಲುವ ಈ ಸಂಗತಿಯು ನಮ್ಮವರಿಗೆ ಹೊಸದಲ್ಲ. ಸಾವಳಗಿಯಿಂದ ವಿಜಯಪುರವು ಬಹು ದೂರವಿಲ್ಲ. ಅಲ್ಲಿಯ ಗೋಲಗುಮ್ಮಟದಲ್ಲಿ ಒಂದನ್ನೊಂದು ಛೇದಿಸುವ ಎಂಟು ಕಮಾನುಗಳು ಚೌಕದ ಕೋಣೆಯನ್ನು ಮೆಲ್ಲನೆ ವರ್ತುಲಕ್ಕೆ ತಿರುಗಿಸಿ, ಒಳಗೆ ಸುಮಾರು 38 ಮೀಟರು ಅಡ್ಡಳತೆಯ ಗುಮ್ಮಟವನ್ನು ಹೊತ್ತು ಮೂರೂವರೆ ಶತಮಾನಗಳನ್ನು ಕಳೆದಿವೆ. ಆ ಲೆಕ್ಕವು ಗಣಕದಲ್ಲಿ ಹುಟ್ಟಿದ್ದಲ್ಲ. ಹಗ್ಗ, ಗೂಟ, ಮೂಲೆಮಟ್ಟಗಳಲ್ಲಿ ಹುಟ್ಟಿದ್ದು.

ನಿಯಮದಿಂದ ಮನೆ ಕಟ್ಟುವ ಕ್ರಮವೂ ನಮ್ಮಲ್ಲಿ ಬಹು ಹಳೆಯದು. ನಮ್ಮ ಹಳ್ಳಿಯ ಮಾಳಿಗೆ ಮನೆಯನ್ನು ಇಂದಿಗೂ ಇಷ್ಟು ಅಂಕಣದ ಮನೆಯೆಂದು ಎಣಿಸುತ್ತೇವೆ. ಕಂಬದಿಂದ ಕಂಬಕ್ಕಿರುವ ಅಂಕಣವೇ ಅಳತೆಯ ಮೂಲ. ಸಂಸಾರ ದೊಡ್ಡದಾದರೆ ಅಂಕಣಗಳು ಹೆಚ್ಚುತ್ತವೆ, ಮನೆಯ ಧರ್ಮ ಕೆಡುವದಿಲ್ಲ. ಆಯ ನೋಡಿ ಅಳತೆಯಿಡುವ ಬಡಿಗನೂ ಗಣಿತವನ್ನೇ ಮಾಡುತ್ತಾನೆ. ರಬಕವಿ-ಬನಹಟ್ಟಿಗಳ ನೇಕಾರರಿಗಂತೂ ಯಂತ್ರಕ್ಕೆ ಚಿತ್ರವನ್ನು ಹೇಳಿಕೊಡುವ ವಿದ್ಯೆಯು ಕೈಗೆ ಹತ್ತಿದ ವಿದ್ಯೆಯೇ ಆಗಿದೆ. ಸೀರೆಯ ಅಂಚಿನ ಚಿತ್ತಾರವನ್ನು ರಂಧ್ರವಿಟ್ಟ ರಟ್ಟುಗಳಿಂದ ಮಗ್ಗಕ್ಕೆ ತಿಳಿಸುವ ಜಕಾರ್ಡ್ ಯುಕ್ತಿಯು ಫ್ರಾನ್ಸಿನಲ್ಲಿ 1804ರಲ್ಲಿ ಹೊರಬಿದ್ದಿತು. ಅದೇ ರಟ್ಟುಗಳನ್ನು ಕಂಡು ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜನು ತನ್ನ ಲೆಕ್ಕದ ಯಂತ್ರದ ಕಲ್ಪನೆಯನ್ನು ಬೆಳೆಸಿದನು. ಗಣಕದ ವಂಶವೃಕ್ಷದಲ್ಲಿ ಮಗ್ಗಕ್ಕೆ ಹಿರಿಯ ಸ್ಥಾನವಿರುವಾಗ, ಈ ವಿದ್ಯೆ ನಮಗೆ ನಿಲುಕದೆಂದು ನೇಕಾರರ ನಾಡಿನವರು ಹಿಂಜರಿಯಲು ಕಾರಣವೇನು?

ಹಾಗಾದರೆ ಕೊರತೆ ಎಲ್ಲಿದೆ? ಕಾರ್ಯಾಗಾರಗಳು ನಡೆಯುವ ಸ್ಥಳದಲ್ಲಿದೆ, ನಡೆಯುವ ಭಾಷೆಯಲ್ಲಿದೆ, ಮತ್ತು ಅವು ಕಟ್ಟುವ ವಸ್ತುವಿನಲ್ಲಿದೆ. ಶುಲ್ಕ ಕೊಡಬಲ್ಲ ಪಟ್ಟಣದ ತರುಣರು ಇಂಗ್ಲೀಷಿನಲ್ಲಿ ಪಾಠ ಕೇಳಿ ಮಂಟಪ ಕಟ್ಟುತ್ತಾರೆ. ಕೆಲವು ದಿನಗಳಲ್ಲಿ ಅದನ್ನು ಬಿಚ್ಚಿಯೂ ಬಿಡುತ್ತಾರೆ. ಅದರಲ್ಲಿ ಯಾರೂ ಮಳೆಗಾಲ ಕಳೆಯುವದಿಲ್ಲ. ನಮ್ಮ ಎರೆಭೂಮಿಯು ನೀರು ಕುಡಿದು ಉಬ್ಬಿ, ಬೇಸಿಗೆಯಲ್ಲಿ ಬಿರಿದು, ಅಡಿಪಾಯವನ್ನೇ ಅಲುಗಿಸುತ್ತದೆ. ಬಿಸಿಲು 40 ಡಿಗ್ರಿಯನ್ನು ದಾಟುತ್ತದೆ. 2019ರ ಮಹಾಪೂರದಲ್ಲಿ ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿಗಳ ನದೀತೀರದ ಎಷ್ಟೋ ಸಂಸಾರಗಳು ಮನೆಯನ್ನು ಕಳೆದುಕೊಂಡವು. ತಗಡಿನ ಮಾಡಿನ ಕೆಳಗೆ ಒಂದು ಬೇಸಿಗೆಯನ್ನು ಕಳೆದವನಿಗೆ ಕಟ್ಟಡವಿದ್ಯೆಯ ಬೆಲೆ ತಿಳಿದಿರುತ್ತದೆ. ಹೊಸ ವಿದ್ಯೆಯ ನಿಜವಾದ ಪರೀಕ್ಷೆಯಾಗಬೇಕಾದದ್ದು ಇಂಥ ನೆಲದಲ್ಲಿ.

ಪುನರ್ವಸತಿಯ ಕೆಲಸದಲ್ಲಿ ಒಂದು ದೊಡ್ಡ ಅಪಾಯವಿದೆ. ಸಾವಿರಾರು ಮನೆಗಳನ್ನು ಅವಸರದಿಂದ ಕಟ್ಟುವಾಗ ಅಧಿಕಾರಿಗಳಿಗೆ ಒಂದೇ ಅಚ್ಚಿನ ನಕ್ಷೆಯು ಸುಲಭವಾಗಿ ಕಾಣುತ್ತದೆ. ಅವರನ್ನು ನಾವು ಬರಿದೆ ದೂರುವದಿಲ್ಲ. ಪ್ರತಿಯೊಂದು ಸಂಸಾರಕ್ಕೂ ಬೇರೆ ನಕ್ಷೆ ಬರೆಯಿಸಲು ಹಿಂದೆ ಸಾಧನಗಳಿರಲಿಲ್ಲ. ಆದರೆ ಎತ್ತು ಎಮ್ಮೆಗಳುಳ್ಳ ಒಕ್ಕಲಿಗನಿಗೆ ಕೊಟ್ಟಿಗೆ ಬೇಕು, ನೇಕಾರನಿಗೆ ಕುಣಿಮಗ್ಗಕ್ಕೆ ಬೆಳಕುಳ್ಳ ಅಂಕಣ ಬೇಕು, ಮುದುಕಿಯೊಬ್ಬಳೇ ಇರುವ ಮನೆಗೆ ನೆರೆಯ ಪಡಸಾಲೆಯ ಸಾಮೀಪ್ಯ ಬೇಕು. ಗಣಕದ ವಿನ್ಯಾಸಕ್ಕೆ ನಿಜವಾದ ಉಪಯೋಗವಿರುವದು ಇಲ್ಲಿಯೇ. ನಿಯಮವೊಂದೇ ಇದ್ದು ಮನೆಗಳು ನೂರಾರು ಬಗೆಯವಾಗಿ ಬರಬಹುದು. ಸಾಮಾನಿನ ಲೆಕ್ಕವೂ ಪ್ರತಿಯೊಂದು ಮನೆಗೆ ಕೂಡಲೆ ಸಿಕ್ಕಬಹುದು. ಬಿಸಿಲು ಗಾಳಿಗಳ ಹಾದಿಯನ್ನು ಗೋಡೆಯೇಳುವ ಮೊದಲೇ ನೋಡಿಕೊಳ್ಳಬಹುದು.

ಯಂತ್ರವು ಬಂದರೆ ಗವಂಡಿಯ ಕೂಲಿಗೆ ಕುತ್ತು ಬರುವದಿಲ್ಲವೆ ಎಂದು ಕೆಲವರು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಕಾಂಕ್ರೀಟನ್ನು ಸುರಿದು ಗೋಡೆಯೆಬ್ಬಿಸುವ ದೊಡ್ಡ ಯಂತ್ರವನ್ನು ದೊಡ್ಡ ಕಂಪನಿಗಳು ಮಾತ್ರ ತರಬಲ್ಲವು; ಅದನ್ನೇ ನೆಚ್ಚಿದರೆ ಕೆಲಸವೂ ಹಣವೂ ಊರ ಹೊರಗೆ ಹೋದಾವು. ಆದರೆ ಹಲಗೆ ಕೊರೆಯುವ ಸಣ್ಣ ಯಂತ್ರಗಳು ಬಾಗಿಲಿನ ಚಿತ್ತಾರಕ್ಕಾಗಿ ಈಗಾಗಲೆ ತಾಲೂಕಿನ ಊರುಗಳಿಗೂ ಬಂದಿವೆ. ಅವುಗಳಿಂದ ಕಮಾನಿನ ಪಡಿಯಚ್ಚನ್ನು ಕೆಲವು ತಾಸುಗಳಲ್ಲಿ ಕೊರೆಯಿಸಿಕೊಂಡರೆ, ಕಮಾನು ಕಟ್ಟುವದನ್ನು ಮರೆತ ಗವಂಡಿಯು ಮತ್ತೆ ಕಮಾನು ಕಟ್ಟಬಲ್ಲನು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ ಅಸ್ತ್ರ ವಿಭಾಗವು ಮಣ್ಣನ್ನು ಒತ್ತಿ ಇಟ್ಟಿಗೆ ಮಾಡುವ ಕೈಯಂತ್ರವನ್ನು ರೂಢಿಗೆ ತಂದಿತು. ನಮ್ಮ ಎರೆಮಣ್ಣು ಹಾಗೆಯೇ ಅದಕ್ಕೆ ಒದಗದು. ಉಸುಕು, ಸುಣ್ಣಗಳ ಪ್ರಮಾಣವನ್ನು ಪರೀಕ್ಷಿಸಿ ಬೆರೆಸಬೇಕಾಗುತ್ತದೆ. ಇಂಥ ಪರೀಕ್ಷೆಗೆ ಗವಂಡಿಯ ಕೈಯೂ ಗಣಕದ ಲೆಕ್ಕವೂ ಎರಡೂ ಬೇಕು.

ಹಳ್ಳಿಯಲ್ಲಿ ಇದು ಸಾಧ್ಯವೆ ಎಂಬ ಸಂಶಯಕ್ಕೆ ಉತ್ತರವು ಪುಣೆಯ ಬಳಿಯ ಪಾಬಳ ಗ್ರಾಮದಲ್ಲಿದೆ. ಡಾ. ಶ್ರೀನಾಥ ಕಲಬಾಗರು 1983ರಲ್ಲಿ ಅಲ್ಲಿ ಸ್ಥಾಪಿಸಿದ ವಿಜ್ಞಾನ ಆಶ್ರಮದಲ್ಲಿ, ಅಮೇರಿಕೆಯ ಎಂ.ಐ.ಟಿ. ಸಂಸ್ಥೆಯ ಸಹಾಯದಿಂದ 2002ರಷ್ಟು ಹಿಂದೆಯೇ ಫ್ಯಾಬ್ ಲ್ಯಾಬ್ ಎಂಬ ಯಂತ್ರಶಾಲೆಯು ತಲೆಯೆತ್ತಿತು. ಶಾಲೆ ಬಿಟ್ಟ ಹಳ್ಳಿಯ ಹುಡುಗರು ಕೈಯಿಂದ ಮಾಡಿ ಕಲಿಯುವ ಸ್ಥಳವದು. ಇನ್ನು ಯಂತ್ರಗಳಿಗೆ ಹಣವೆಲ್ಲಿ ಎಂಬ ಮಾತು. ನಮ್ಮ ರಾಜ್ಯದ 150 ಸರಕಾರಿ ಐ.ಟಿ.ಐ.ಗಳನ್ನು ಸುಮಾರು 4,700 ಕೋಟಿ ರೂಪಾಯಿ ವೆಚ್ಚದಲ್ಲಿ ಹೊಸ ಯಂತ್ರಗಳಿಂದ ಸಜ್ಜುಗೊಳಿಸಿ 2022ರ ಜೂನದಲ್ಲಿ ಲೋಕಾರ್ಪಣ ಮಾಡಲಾಯಿತು. ಯಂತ್ರಗಳನ್ನು ಕೊಂಡದ್ದಾಗಿದೆ, ಅವು ಮನೆ ಕಟ್ಟುವವನ ಕೆಲಸಕ್ಕೂ ಒದಗುವಂತೆ ಮಾಡುವದು ಉಳಿದಿದೆ.

ಆದುದರಿಂದ ನಮ್ಮ ಸೂಚನೆಯು ಇಷ್ಟೇ. ಸುಗ್ಗಿ ಮುಗಿದ ಮೇಲೆ ಸಾವಳಗಿಯಲ್ಲಿ ಇಂಥದೊಂದು ಕಾರ್ಯಾಗಾರವು ನಡೆಯಲಿ. ಹುಬ್ಬಳ್ಳಿ ಬೆಳಗಾವಿಗಳ ವಾಸ್ತುಶಿಲ್ಪ ಕಾಲೇಜುಗಳು ವಿದ್ಯಾರ್ಥಿಗಳನ್ನು ಕಳಿಸಲಿ, ಐ.ಟಿ.ಐ.ಗಳು ಯಂತ್ರಗಳನ್ನು ತೆರೆದಿಡಲಿ. ಅರ್ಧದಷ್ಟು ಜನ ವಿದ್ಯಾರ್ಥಿಗಳಿದ್ದರೆ ಅರ್ಧದಷ್ಟು ಜನ ಗವಂಡಿಗಳು, ಬಡಿಗರು, ಕಮ್ಮಾರರು ಇರಲಿ. ಅವರಿಗೆ ಆ ದಿನಗಳ ಕೂಲಿಯು ತಪ್ಪದೆ ಸಲ್ಲಲಿ, ಯಾಕಂದರೆ ದುಡಿಮೆ ಬಿಟ್ಟು ಪಾಠಕ್ಕೆ ಬರುವ ಅನುಕೂಲತೆ ಅವರಿಗಿಲ್ಲ. ಪಾಠವು ಕನ್ನಡದಲ್ಲಿಯೇ ನಡೆಯಲಿ. ಕೊನೆಗೆ ನಿಲ್ಲುವದು ಮಂಟಪವಾಗದೆ, ಮುಳುಗಡೆಯ ಒಂದು ಸಂಸಾರವು ತಾನೇ ಬೇಡಿ ಬರೆಯಿಸಿದ ಮನೆಯಾಗಲಿ. ಅದು ಒಂದು ಮಳೆಗಾಲ, ಒಂದು ಬೇಸಿಗೆಯನ್ನು ಕಳೆದ ಮೇಲೆ, ತಗಲಿದ ವೆಚ್ಚವನ್ನೂ ಕಂಡ ದೋಷಗಳನ್ನೂ ಮರೆಮಾಚದೆ ಜನರ ಮುಂದಿಡಲಿ. ಆ ಬಳಿಕವೇ ಸರಕಾರವು ಸಾವಿರ ಮನೆಗಳ ಮಾತನ್ನಾಡಲಿ.

ಇದೇ ತಾಲೂಕಿನ ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ರೈತರು ಶ್ರೀ ಸಿದ್ದು ನ್ಯಾಮಗೌಡರ ಮುಂದಾಳ್ತನದಲ್ಲಿ ತಮ್ಮ ಹಣ, ತಮ್ಮ ಮೈಬೆವರುಗಳಿಂದ ಕೃಷ್ಣೆಗೆ ಅಡ್ಡಲಾಗಿ ಬ್ಯಾರೇಜನ್ನು ಕಟ್ಟಿ, ಅದಕ್ಕೆ ಶ್ರಮಬಿಂದು ಸಾಗರವೆಂದು ಹೆಸರಿಟ್ಟರು. ನದಿಗೇ ಕಟ್ಟೆ ಹಾಕಿದ ಕೈಗಳಿಗೆ ಒಂದು ಮನೆಯ ಹೊಸ ನಕ್ಷೆಯು ಭಾರವಾಗಲಾರದು. ವಿದ್ಯೆಯನ್ನು ಅವರ ಬಾಗಿಲಿಗೆ ತಂದುಕೊಡುವ ಹೊಣೆಯು ಕಲಿತವರದು, ಅಧಿಕಾರದಲ್ಲಿರುವವರದು. ನೀರು ಬಂದ ಮೇಲೆ ನಕ್ಷೆ ಹುಡುಕುವ ಪ್ರಸಂಗವು ಬಾರದಂತೆ ಅವರು ಈಗಲೇ ಎಚ್ಚರಗೊಳ್ಳುವರೆಂದು ಆಶಿಸುತ್ತೇವೆ.