ಮೊದಲು ಕತ್ತರಿ, ಆಮೇಲೆ ಕಂಪ್ಯೂಟರ್

ಬೋಧನಾಭ್ಯಾಸದ ಎರಡನೇ ವಾರ 9ನೇ ತರಗತಿಗೆ ಕಂಪ್ಯೂಟರ್ ಗ್ರಾಫಿಕ್ಸ್‌ನ ಟೆಕ್ಸ್‌ಚರ್ ಮ್ಯಾಪಿಂಗ್ ಪರಿಚಯಿಸಿದೆ. ಬ್ಲೆಂಡರ್ ತಂತ್ರಾಂಶದಲ್ಲಿ ಬೂದು ಬಣ್ಣದ ಘನಕ್ಕೆ ಇಟ್ಟಿಗೆ ಗೋಡೆಯ ಚಿತ್ರ ಹೊದಿಸಿದಾಗ ಮಕ್ಕಳು ಚಪ್ಪಾಳೆ ತಟ್ಟಿದರು. ಪಾಠದ ಕೊನೆಗೆ, “ಚಿತ್ರ ಘನದ ಮೇಲೆ ಹೇಗೆ ಕೂತಿತು?” ಎಂದು ಕೇಳಿದೆ. “ನೀವು ಬಟನ್ ಒತ್ತಿದ್ರಿ ಮಿಸ್” ಎಂಬ ಉತ್ತರ ಬಂತು. ತಪ್ಪು ಮಕ್ಕಳದಲ್ಲ. ನಾನು ಫಲಿತಾಂಶ ತೋರಿಸಿದ್ದೆ, ಕೆಲಸ ತೋರಿಸಿರಲಿಲ್ಲ.

ಮರುದಿನ ಇನ್ನೊಂದು ವಿಭಾಗದಲ್ಲಿ ಪಾಠ ಬದಲಿಸಿದೆ. ಗುಂಪಿಗೊಂದು ಖಾಲಿ ಸೋಪಿನ ಡಬ್ಬಿ, ಕತ್ತರಿ, ಚೆಂಡು, ಚೌಕುಳಿ ಹಾಳೆ ಕೊಟ್ಟೆ. ಮಕ್ಕಳು ಡಬ್ಬಿಯನ್ನು ಅಂಚಿನಲ್ಲಿ ಕತ್ತರಿಸಿ ಬಿಚ್ಚಿದರು, ಚಪ್ಪಟೆಯಾದ ಹಾಳೆಯ ಮೇಲೆ ಇಟ್ಟಿಗೆ ಬರೆದರು, ಮತ್ತೆ ಮಡಿಸಿದರು. ಡಬ್ಬಿಯ ಮೇಲಿನ ಪ್ರತಿ ಬಿಂದುವಿಗೂ ಹಾಳೆಯಲ್ಲಿ ಒಂದು ಜಾಗವಿದೆ, ಅದನ್ನು ಹೇಳಲು ಎರಡು ಸಂಖ್ಯೆ ಸಾಕು ಎಂಬುದು ಅವರಿಗೇ ಹೊಳೆಯಿತು. ಎಕ್ಸ್, ವೈ, ಝಡ್ ಅಕ್ಷರಗಳು ಘನಾಕೃತಿಯ ಬಿಂದುಗಳಿಗೆ ಬಳಕೆಯಾಗಿರುವುದರಿಂದ ಈ ಎರಡು ಸಂಖ್ಯೆಗಳನ್ನು ಯು, ವಿ ಎನ್ನುತ್ತಾರೆ. ಚಿತ್ರದ ಒಂದು ಅಂಚಿನಿಂದ ಇನ್ನೊಂದಕ್ಕೆ ಅವು 0ಯಿಂದ 1ರವರೆಗೆ ಸಾಗುತ್ತವೆ ಎಂದಷ್ಟೇ ನಾನು ಸೇರಿಸಿದೆ. 1974ರಲ್ಲಿ ಎಡ್ವಿನ್ ಕ್ಯಾಟ್‌ಮಲ್ ಯೂಟಾ ವಿಶ್ವವಿದ್ಯಾಲಯದ ತಮ್ಮ ಪಿಎಚ್‌.ಡಿ. ಪ್ರಬಂಧದಲ್ಲಿ ಮುಂದಿಟ್ಟ ವಿಧಾನದ ತಿರುಳೂ ಇದೇ.

ಚೆಂಡಿನ ಸರದಿ ಬಂದಾಗ ಹಾಳೆ ಸುಕ್ಕುಗಟ್ಟಿತು. ಗೋಳವನ್ನು ಎಳೆಯದೆ, ಹರಿಯದೆ ಚಪ್ಪಟೆ ಮಾಡಲಾಗದು. ಗೋಡೆಯ ಭೂಪಟದಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಂಡರೆ ಅದಕ್ಕೂ ಇದೇ ಕಾರಣ; ನಿಜದಲ್ಲಿ ಆಫ್ರಿಕಾ ಸುಮಾರು 14 ಪಟ್ಟು ದೊಡ್ಡದು. ಇದಾದ ಮೇಲೆ ಕಂಪ್ಯೂಟರಿನ ಗೋಳಕ್ಕೆ ಚೌಕುಳಿ ಚಿತ್ರ ಹೊದಿಸಿದೆ. ಧ್ರುವಗಳ ಬಳಿ ಚೌಕಗಳು ಕಿರಿದಾಗಿ ಒತ್ತಿಕೊಂಡದ್ದನ್ನು ನೋಡಿ ಹಿಂದಿನ ಬೆಂಚಿನ ಹುಡುಗಿ, “ಮಿಸ್, ನಮ್ಮ ಸುಕ್ಕು ಅಲ್ಲಿದೆ!” ಎಂದಳು. ಈ ಸಲ ಚಪ್ಪಾಳೆ ಬರಲಿಲ್ಲ, ಪ್ರಶ್ನೆಗಳು ಬಂದವು.

ನಲವತ್ತು ನಿಮಿಷದ ಅವಧಿಯಲ್ಲಿ ಕತ್ತರಿ ಕೆಲಸಕ್ಕೆ ಸಮಯವೆಲ್ಲಿ ಎಂದು ಸಹಪಾಠಿಗಳು ಕೇಳುತ್ತಾರೆ. ಮಾತು ನಿಜ. ಬೆಳಕು, ಹೊಳಪಿನ ಭಾಗವನ್ನು ನಾನು ಕೈಬಿಡಬೇಕಾಯಿತು, ಪಾಠಯೋಜನೆ ಪೂರ್ಣವಾಗಲಿಲ್ಲ. ಆದರೂ ನನ್ನ ಅಭಿಪ್ರಾಯ ಬದಲಾಗಿಲ್ಲ. ತಂತ್ರಾಂಶ ನಾಳೆ ಬದಲಾದೀತು. ಡಬ್ಬಿ ಬಿಚ್ಚಿ ಕಲಿತ ನಿರ್ದೇಶಾಂಕ ಉಳಿಯುತ್ತದೆ. ಕಂಪ್ಯೂಟರ್ ಕೊಠಡಿಯೇ ಇಲ್ಲದ ಶಾಲೆಯಲ್ಲೂ ಪಾಠದ ಮೊದಲರ್ಧ ನಡೆಯುತ್ತದೆ. ನಮ್ಮ ಪಾಠಯೋಜನೆಗಳ ಕಲಿಕೋಪಕರಣದ ಕಾಲಂನಲ್ಲಿ ‘ಪ್ರೊಜೆಕ್ಟರ್’ ಎಂದು ಬರೆಯುವ ಮುನ್ನ ‘ಖಾಲಿ ಡಬ್ಬಿ’ ಎಂದು ಬರೆಯೋಣ.