ಇಂಡಿಗೋ ವಿಮಾನದಲ್ಲಿ ಕಾಶೀಯಾತ್ರೆ



ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಭಕ್ತರ ಮನೆಗಳಿಗೆ ನಾವು ಹೋದಾಗಲೆಲ್ಲ ಈಚೆಗೆ ಒಂದು ಪ್ರಶ್ನೆ ತಪ್ಪದೆ ಎದುರಾಗುತ್ತದೆ. "ಅಯ್ನೋರೇ, ಮಕ್ಕಳು ವಿಮಾನದಲ್ಲಿ ಕಾಶಿಗೆ ಕಳಿಸ್ತೀವಿ ಅಂತಾರೆ. ಅಲ್ಲಿ ತಪಾಸಣೆಯವರು ಲಿಂಗ ತೆಗೆಸ್ತಾರಂತೆ, ನಿಜವೇ?" ಈ ಅಂಜಿಕೆಯಿಂದಲೇ ಯಾತ್ರೆಯನ್ನು ಕೈಬಿಟ್ಟ ಹಿರಿಯರನ್ನು ನಾವು ಬಲ್ಲೆವು. ಆದಕಾರಣ ಈ ತಿಂಗಳು ಶಾಸ್ತ್ರವಿಚಾರವನ್ನು ಬದಿಗಿರಿಸಿ ಪ್ರಯಾಣದ ವಿಚಾರವನ್ನೇ ಅರಿಕೆ ಮಾಡುತ್ತಿದ್ದೇವೆ.

ಮೈಸೂರಿನಿಂದ ಕಾಶಿಗೆ ರೈಲಿನಲ್ಲಿ ಸುಮಾರು ಎರಡು ದಿನಗಳ ಹಾದಿ. ಬೆಂಗಳೂರಿನಿಂದ ವಾರಾಣಸಿಗೆ ಇಂಡಿಗೋ ಸಂಸ್ಥೆಯ ನೇರ ವಿಮಾನದಲ್ಲಿ ಎರಡೂವರೆ ಗಂಟೆಯ ಆಸುಪಾಸು. 2006ರಲ್ಲಿ ಹಾರಾಟ ಆರಂಭಿಸಿದ ಈ ಸಂಸ್ಥೆಯು ಮಿತವ್ಯಯದ ಪದ್ಧತಿಯದು. ಟಿಕೆಟ್ಟಿನ ಹಣ ಪ್ರಯಾಣಕ್ಕೆ ಮಾತ್ರ; ಊಟಕ್ಕೆ, ಬೇಕಾದ ಆಸನಕ್ಕೆ, ಹೆಚ್ಚಿನ ತೂಕಕ್ಕೆ ಬೇರೆ ಹಣ. ಇದನ್ನು ಮೊದಲೇ ಅರಿತವರಿಗೆ ಅಸಮಾಧಾನವಿರದು.

ಕಾಲದ ಲೆಕ್ಕ ಮೊದಲನೆಯದು. ವಿಮಾನ ಹೊರಡುವ 60 ನಿಮಿಷ ಮೊದಲೇ ಸಾಮಾನು ಒಪ್ಪಿಸುವ ಕೌಂಟರ್ ಮುಚ್ಚುತ್ತದೆ. 25 ನಿಮಿಷ ಮೊದಲು ವಿಮಾನವೇರುವ ಬಾಗಿಲೂ ಮುಚ್ಚುತ್ತದೆ. ಆಮೇಲೆ ಎಷ್ಟು ಬೇಡಿಕೊಂಡರೂ ಫಲವಿಲ್ಲ. ಮೈಸೂರಿನಿಂದ ದೇವನಹಳ್ಳಿಯ ನಿಲ್ದಾಣಕ್ಕೆ ಸಾರಿಗೆ ಸಂಸ್ಥೆಯ ಫ್ಲೈಬಸ್ ಉಂಟು. ಅದಕ್ಕೆ ನಾಲ್ಕು ಗಂಟೆಗೂ ಮಿಕ್ಕಿ ಕಾಲವಿಟ್ಟುಕೊಳ್ಳಬೇಕು. ಕೋಟೆಯಿಂದಲೋ ಪಿರಿಯಾಪಟ್ಟಣದಿಂದಲೋ ಬರುವವರು ಮಧ್ಯಾಹ್ನ 12ರ ವಿಮಾನಕ್ಕೆ ಬೆಳಗಿನ ಜಾವ 4ಕ್ಕೇ ಮನೆ ಬಿಡಬೇಕಾದೀತು. ಅದಕ್ಕಿಂತ ಹಿಂದಿನ ರಾತ್ರಿಯೇ ಮೈಸೂರಿನಲ್ಲಿ ತಂಗಿ, ಸ್ನಾನ-ಲಿಂಗಪೂಜೆಗಳನ್ನು ನೆಮ್ಮದಿಯಿಂದ ಪೂರೈಸಿ ಹೊರಡುವುದು ಲೇಸು. ದೇವನಹಳ್ಳಿಯಲ್ಲಿ ಟರ್ಮಿನಲ್‌ಗಳು ಎರಡು. ಯಾವುದೆಂದು ಟಿಕೆಟ್ಟಿನಲ್ಲಿ ನೋಡಿಕೊಳ್ಳಿ. ಹೊರಡುವ 48 ಗಂಟೆ ಮೊದಲಿನಿಂದ ಮೊಬೈಲಿನಲ್ಲೇ ಚೆಕ್-ಇನ್ ಮಾಡಬಹುದು. ಅದನ್ನು ಮಕ್ಕಳಿಗೆ ಒಪ್ಪಿಸಿರಿ. ಗುರುತಿನ ಚೀಟಿ ಮಾತ್ರ ನಿಮ್ಮ ಕೈಯಲ್ಲೇ ಇರಲಿ.

ಎರಡನೆಯದು ಹೊರೆ. ತಲೆಗೆ 15 ಕಿಲೋ ದೊಡ್ಡ ಪೆಟ್ಟಿಗೆ, 7 ಕಿಲೋ ಕೈಚೀಲ. ಪೂಜಾಸಾಮಗ್ರಿಯಲ್ಲಿ ಬೆಂಕಿಪೊಟ್ಟಣ, ಕರ್ಪೂರಗಳನ್ನು ಎರಡರಲ್ಲಿಯೂ ಇಡುವಂತಿಲ್ಲ. ಒಣಕೊಬ್ಬರಿಗೂ ನಿಷೇಧವಿದೆಯೆಂದರೆ ನಮ್ಮ ತಾಯಂದಿರು ಅಚ್ಚರಿಪಡುತ್ತಾರೆ. ಅದರ ಎಣ್ಣೆಯಂಶ ಕಾವೇರಿ ಹೊತ್ತಿಕೊಳ್ಳಬಹುದೆಂಬುದೇ ಕಾರಣ. ಇವೆಲ್ಲ ಕಾಶಿಯಲ್ಲಿಯೇ ದೊರೆಯುತ್ತವೆ. ತುಪ್ಪ, ಉಪ್ಪಿನಕಾಯಿ, ಚಾಕು ದೊಡ್ಡ ಪೆಟ್ಟಿಗೆಯಲ್ಲಿರಲಿ. ಮೊಬೈಲಿನ ಪವರ್ ಬ್ಯಾಂಕ್ ಕೈಚೀಲದಲ್ಲಿಯೇ ಇರತಕ್ಕದ್ದು. ಚಪಾತಿ, ಚಟ್ನಿಪುಡಿ, ಕೋಡುಬಳೆ ಕೈಚೀಲದಲ್ಲಿ ಒಯ್ಯಬಹುದು. ಮರಳುವಾಗ ಗಂಗೋದಕವನ್ನು ಭದ್ರವಾಗಿ ಮುಚ್ಚಿ ದೊಡ್ಡ ಪೆಟ್ಟಿಗೆಯಲ್ಲಿಡಿ. ಅದರ ತೂಕವೂ 15 ಕಿಲೋದೊಳಗೆ ಸೇರುತ್ತದೆ.

ಇನ್ನು ಮುಖ್ಯ ವಿಷಯ. ಕೆಲವು ವರ್ಷಗಳ ಹಿಂದೆ ಕೃಷ್ಣರಾಜನಗರದ ಕಡೆಯ ವೃದ್ಧರೊಬ್ಬರು ನಮ್ಮೊಡನೆ ಉತ್ತರದೇಶಕ್ಕೆ ವಿಮಾನದಲ್ಲಿ ಬಂದಿದ್ದರು. ತಪಾಸಣೆಗೆ ಅಂಜಿ, ಯಾರೋ ಹೇಳಿದ ಮಾತು ಕೇಳಿ, ಬೆಳ್ಳಿಯ ಕರಡಿಗೆಯೊಡನೆ ಇಷ್ಟಲಿಂಗವನ್ನು ದೊಡ್ಡ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ನಮಗದು ತಿಳಿದದ್ದು ಇಳಿದ ಮೇಲೆ. ಪೆಟ್ಟಿಗೆ ಬರಲಿಲ್ಲ; ಮರುದಿನ ಸಂಜೆ ಬಂದಿತು. ಅಲ್ಲಿಯವರೆಗೆ ಆ ಹಿರಿಯರು ತೊಟ್ಟು ನೀರನ್ನೂ ಮುಟ್ಟಲಿಲ್ಲ. ಸಂತೈಸಲು ನಮ್ಮಲ್ಲಿ ಮಾತಿರಲಿಲ್ಲ. ಹೊರಡುವ ಮುನ್ನ ಒಂದು ಮಾತು ಕೇಳದೆ ಹೋದೆವಲ್ಲ ಎಂಬ ಕೊರಗು ಇಂದಿಗೂ ಉಳಿದಿದೆ.

ಆದುದರಿಂದ ಲಿಂಗವು ಅಂಗದ ಮೇಲೆಯೇ ಇರಲಿ. ಲೋಹಶೋಧಕ ಯಂತ್ರವು ಸದ್ದು ಮಾಡಿದರೆ ಗಾಬರಿ ಬೇಡ. ಅದು ಸದ್ದು ಮಾಡುವುದು ಲೋಹಕ್ಕೆ, ಧರ್ಮಕ್ಕಲ್ಲ. ಸರತಿ ಬಂದೊಡನೆ, ಯಂತ್ರ ಕೂಗುವ ಮೊದಲೇ, ಎದೆಯ ಮೇಲೆ ಕೈಯಿಟ್ಟು ಇದು ನಮ್ಮ ಇಷ್ಟಲಿಂಗವೆಂದು ತಿಳಿಸಿರಿ. ಕಾಶಿಯಲ್ಲಾದರೆ "ಶಿವಲಿಂಗ ಹೈ" ಎಂಬ ಎರಡು ಮಾತು ಸಾಕು. ತೆರೆದು ತೋರಿಸಬೇಕೆಂದರೆ, ಮರೆಯಲ್ಲಿ ತೋರುತ್ತೇವೆಂದು ವಿನಯದಿಂದ ಕೇಳಿಕೊಂಡು ನಿಮ್ಮ ಅಂಗೈಯಲ್ಲಿಯೇ ಇರಿಸಿ ತೋರಿಸಿರಿ. ಸ್ತ್ರೀಯರನ್ನು ಪರದೆಯ ಮರೆಯಲ್ಲಿ ಸ್ತ್ರೀ ಸಿಬ್ಬಂದಿಯೇ ಪರೀಕ್ಷಿಸುತ್ತಾರೆ. ಅವರೂ ಕಾಯಕದಲ್ಲಿ ನಿರತರಾದವರೆಂಬುದನ್ನು ಮರೆಯದಿರೋಣ; ಸಿಡುಕಿದರೆ ಸಂಶಯ ಬೆಳೆಯುತ್ತದೆ, ತಾಳ್ಮೆಯಿಂದ ಹೇಳಿದರೆ ದಾರಿ ತೆರೆಯುತ್ತದೆ.

ಬೆಟ್ಟದಪುರದ ಮಲ್ಲಿಕಾರ್ಜುನನ ಮೆಟ್ಟಿಲು ಹತ್ತಲಾರದ ಮೊಣಕಾಲಿನವರು ಟಿಕೆಟ್ ಮಾಡಿಸುವಾಗಲೇ ಗಾಲಿಕುರ್ಚಿ ಬೇಕೆಂದು ಬರೆಸಿರಿ. ನಿಜವಾಗಿ ಬೇಕಾದವರು ಕೇಳಲು ನಾಚಬೇಕಿಲ್ಲ.

ಕಡೆಯದಾಗಿ, ಯಾತ್ರೆಗೆ ಒಂದು ದಿನದ ಬಿಡುವಿರಲಿ. 2025ರ ಡಿಸೆಂಬರ್ ಆರಂಭದಲ್ಲಿ ಇದೇ ಸಂಸ್ಥೆಯ ಸಾವಿರಾರು ಹಾರಾಟಗಳು ರದ್ದಾಗಿ ಜನ ನಿಲ್ದಾಣಗಳಲ್ಲಿ ಕಾದು ಬಳಲಿದರು. ಸಂಸ್ಥೆಯೇ ರದ್ದುಮಾಡಿದಾಗ ಪೂರ್ಣ ಹಣವನ್ನೋ ಬೇರೆ ವಿಮಾನವನ್ನೋ ಕೇಳುವ ಹಕ್ಕು ನಿಮಗುಂಟು. ಆದರೆ ಕಳೆದ ಮುಹೂರ್ತವನ್ನು ಯಾರೂ ಮರಳಿಸಲಾರರು.

ಬಾಬತ್‌ಪುರದ ನಿಲ್ದಾಣದಲ್ಲಿಳಿದು, ಸುಮಾರು 25 ಕಿಲೋಮೀಟರ್ ಸಾಗಿ, ಜಂಗಮವಾಡಿ ಮಠದ ಬಾಗಿಲಲ್ಲಿ ನಿಂತಾಗ ನಿಮ್ಮ ಕೈ ತಾನಾಗಿಯೇ ಎದೆಯತ್ತ ಹೋಗುತ್ತದೆ. ಅಲ್ಲಿ ಲಿಂಗವಿರಲಿ. ಮಿಕ್ಕ ಪೆಟ್ಟಿಗೆ ತಡವಾಗಿ ಬಂದರೂ ಚಿಂತೆಯಿಲ್ಲ.