ಬಿಳಿಯ ಚೆಂಡು ಎಲ್ಲಿ ನಿಲ್ಲಬೇಕು?

ತುಮಕೂರು, ಗುಬ್ಬಿ, ಕುಣಿಗಲ್‌ಗಳಲ್ಲಿ ಕೇರಂ ಆಟವನ್ನರಿಯದ ಮನೆ ವಿರಳ. ಕಾಯಿ ಪಾಕೆಟ್ಟಿಗೆ ಬಿದ್ದೊಡನೆ ಹುಡುಗರು ಹಿಗ್ಗುತ್ತಾರೆ; ಸ್ಟ್ರೈಕರ್ ಎಲ್ಲಿ ನಿಂತಿತೆಂದು ನೋಡುವವರಿಲ್ಲ. ಅದು ತಾನೂ ಒಳಗೆ ಬೀಳದಿದ್ದರೆ ಸಾಕು. ಎತ್ತಿ ಮರಳಿ ತಮ್ಮ ಗೆರೆಯ ಮೇಲೆ ಇಟ್ಟುಕೊಳ್ಳಬಹುದು.

‘ಸ್ಟ್ರೈಟ್ ಪೂಲ್’ ಎಂಬ ಮೇಜಿನಾಟದಲ್ಲಿ ಈ ಸೌಕರ್ಯವಿಲ್ಲ. ಕೋಲಿನಿಂದ ಹೊಡೆದ ಬಿಳಿಯ ಚೆಂಡು ಎಲ್ಲಿ ನಿಂತಿತೋ ಅಲ್ಲಿಂದಲೇ ಮುಂದಿನ ಹೊಡೆತ. ಹದಿನೈದು ಬಣ್ಣದ ಚೆಂಡುಗಳಲ್ಲಿ 14 ಪಾಕೆಟ್ಟು ಸೇರಿದ ಮೇಲೆ ಅವನ್ನು ಮತ್ತೆ ತ್ರಿಕೋನಾಕಾರದಲ್ಲಿ ಜೋಡಿಸುತ್ತಾರೆ. ಉಳಿದ ಒಂದನ್ನು ಪಾಕೆಟ್ಟಿಗೆ ಹಾಕುವ ಹೊಡೆತದಲ್ಲಿಯೇ ಬಿಳಿಯ ಚೆಂಡು ಹೋಗಿ ಆ ಗುಂಪನ್ನು ಚದುರಿಸಿದರೆ ಆಟ ಸಾಗುತ್ತದೆ. ಆದುದರಿಂದ ಜಾಣನಾದ ಆಟಗಾರನು ಕೊನೆಗೆ ಉಳಿಯಬೇಕಾದ ಚೆಂಡನ್ನು ಮೊದಲೇ ಆರಿಸಿ, ಅಲ್ಲಿಂದ ಹಿಂದಕ್ಕೆ ಎಣಿಸುತ್ತ ಬರುತ್ತಾನೆ. ಕೊನೆಯ ಕಾಳು ಯಾವ ಗುಳಿಗೆ ಬೀಳುವುದೆಂದು ಲೆಕ್ಕಹಾಕಿ ಅಳಗುಳಿಮಣೆಯಾಡುತ್ತಿದ್ದ ನಮ್ಮ ಅಜ್ಜಿಯರಿಗೆ ಈ ವಿದ್ಯೆ ಹೊಸತಲ್ಲ. 1954ರಲ್ಲಿ ಅಮೆರಿಕದ ವಿಲ್ಲಿ ಮೊಸ್ಕೋನಿ ಒಮ್ಮೆಯೂ ತಪ್ಪದೆ 526 ಚೆಂಡುಗಳನ್ನು ಪಾಕೆಟ್ಟಿಗೆ ಹಾಕಿದರು. ಎಂದರೆ ಗುಂಪು 37 ಬಾರಿ ಹೊಸದಾಗಿ ಜೋಡಣೆಯಾಯಿತು.

ಇದಕ್ಕೆ ಕೈಚಳಕವೊಂದೇ ಸಾಲದು. ಇದರ ಬುಡದಲ್ಲಿ ಭೌತವಿಜ್ಞಾನವಿದೆ. ಪೂಲ್ ಚೆಂಡುಗಳು ಸಮತೂಕದವು. ಉರುಳದೆ ಜಾರುತ್ತ ಬಂದ ಬಿಳಿಯ ಚೆಂಡು ಇನ್ನೊಂದನ್ನು ನೇರವಾಗಿ ತಾಗಿದರೆ, ತನ್ನ ಚಲನೆಯನ್ನು ಬಹುಮಟ್ಟಿಗೆ ಅದಕ್ಕೊಪ್ಪಿಸಿ ಅಲ್ಲಿಯೇ ನಿಲ್ಲುತ್ತದೆ. ಓರೆಯಾಗಿ ತಾಗಿದರೆ ಎರಡೂ ಹೆಚ್ಚುಕಡಿಮೆ ಲಂಬಕೋನದಲ್ಲಿ ಅಗಲುತ್ತವೆ. ಚೆಂಡಿನ ನಡುವಿಗಿಂತ ಕೆಳಗೆ ಹೊಡೆದರೆ ಅದು ಹಿಮ್ಮುಖವಾಗಿ ಸುತ್ತುತ್ತದೆ. ಆ ಸುತ್ತು ಉಳಿದಿದ್ದರೆ, ಡಿಕ್ಕಿಯ ಬಳಿಕ ಮೇಜಿನ ಬಟ್ಟೆಯ ಘರ್ಷಣೆ ಅದನ್ನು ಹಿಂದಕ್ಕೆ ಎಳೆದು ತರುತ್ತದೆ. ಕೇರಂನಲ್ಲಿಯಾದರೋ 15 ಗ್ರಾಂ ಸ್ಟ್ರೈಕರ್ 5 ಗ್ರಾಂ ಕಾಯಿಯನ್ನು ನೇರವಾಗಿ ಹೊಡೆದರೆ, ಶಕ್ತಿ ವ್ಯಯವಾಗದಿದ್ದಲ್ಲಿ, ಅರ್ಧ ವೇಗದಿಂದ ಮುಂದಕ್ಕೇ ಸಾಗಬೇಕು. ಎಷ್ಟು ಓರೆಯಾಗಿ ಹೊಡೆದರೂ ಅದರ ದಾರಿ 20 ಡಿಗ್ರಿಯಷ್ಟೂ ವಾಲದು.

ಸಂವೇಗದ ನಿಯಮವನ್ನು ನಮ್ಮ ಮಕ್ಕಳು ಪರೀಕ್ಷೆಗಾಗಿ ಉರುಹೊಡೆಯುತ್ತಾರೆ. ಅದು ತಮ್ಮ ಬೆರಳ ತುದಿಯಲ್ಲಿಯೇ ಇದೆಯೆಂದು ಅವರಿಗೆ ತಿಳಿಸುವವರು ಕಡಮೆ. ಮೇಜಿನಾಟವೆಂದರೆ ಪೋಲಿತನವೆಂಬ ತಿರಸ್ಕಾರವೂ ಹಿರಿಯರಲ್ಲಿದೆ. ಜೂಜು ಸೇರಿದರೆ ಯಾವ ಆಟವೂ ಕೆಡುತ್ತದೆ. ಅದು ಆಟದ ದೋಷವಲ್ಲ. ಬೆಂಗಳೂರಿನಲ್ಲಿ ಕಲಿತ ಪಂಕಜ್ ಆಡ್ವಾಣಿಯವರು 2003ರಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ಚೀನಾದಲ್ಲಿ ವಿಶ್ವ ಹವ್ಯಾಸಿ ಸ್ನೂಕರ್ ಪ್ರಶಸ್ತಿಯನ್ನು ಗೆದ್ದುದು ಪೋಲಿತನದಿಂದಲ್ಲ, ಇಂಥ ಲೆಕ್ಕಾಚಾರ ಮತ್ತು ಸಾಧನೆಗಳಿಂದ.

ಊರೂರಿಗೆ ಪೂಲ್ ಮೇಜು ಬರಬೇಕೆಂದು ನಾವು ಕೇಳುತ್ತಿಲ್ಲ. ಶಾಲೆಯ ಕೇರಂ ಬೋರ್ಡಿನ ಮೇಲೆ ಸಮತೂಕದ ಎರಡು ಸ್ಟ್ರೈಕರ್‌ಗಳನ್ನಿಟ್ಟು, ಒಂದರಿಂದ ಇನ್ನೊಂದನ್ನು ನೇರವಾಗಿ ಹೊಡೆಯಲು ಮಕ್ಕಳಿಗೆ ಹೇಳಿರಿ. ಅನಂತರ ಎರಡನೆಯದರ ಜಾಗದಲ್ಲಿ ಕಾಯಿಯನ್ನಿಡಿರಿ. ಪ್ರತಿ ಹೊಡೆತಕ್ಕೆ ಮೊದಲು, ಹೊಡೆದ ಸ್ಟ್ರೈಕರ್ ಎಲ್ಲಿ ನಿಲ್ಲುವುದೆಂದು ಅವರನ್ನೇ ಕೇಳಿರಿ. ಅವರು ಊಹಿಸಲಿ, ತಪ್ಪಲಿ, ತಿದ್ದಿಕೊಳ್ಳಲಿ. ವಿಜ್ಞಾನವನ್ನು ಕಲಿಯುವ ರೀತಿಯೂ ಇದೇ ಅಲ್ಲವೆ?